ಜೇಬಿನ ಅಣಬೆ ಪುಸ್ತಕ: ಕೊಳ್ಳುವ ಮುಂಚೆ ಒಂದು ಪುಟ ಓದಿ ನೋಡಿ

ಕಾಡು ಅಣಬೆ ಗುರುತಿಸಲು ಜೇಬಿಗೆ ಹಿಡಿಸುವ ಪುಸ್ತಕ ಬೇಕು, ಎರಡು ನೋಡಿಟ್ಟಿದ್ದೀನಿ ಅಂತ ಬರೆದಿದ್ದೀರಿ. ಒಂದರಲ್ಲಿ ಫೋಟೋಗಳು ತುಂಬಾ ಚೆನ್ನಾಗಿವೆ, ಇನ್ನೊಂದರಲ್ಲಿ ಬರೀ ಕೈಚಿತ್ರ, ಬರಹ ಜಾಸ್ತಿ. ಯಾವುದು ತಗೊಳ್ಳಲಿ ಅನ್ನುವುದು ನಿಮ್ಮ ಪ್ರಶ್ನೆ. ಆ ಎರಡು ಪುಸ್ತಕಗಳನ್ನು ನಾನು ನೋಡಿಲ್ಲ. ಆದರೆ ಕೈಯಲ್ಲಿ ಹಿಡಿದು ಹತ್ತು ನಿಮಿಷದಲ್ಲಿ ನೀವೇ ತೀರ್ಮಾನ ಮಾಡುವ ದಾರಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅರ್ಧಂಬರ್ಧ ಹೇಳುವ ವಿಷಯ ಇದಲ್ಲ.

ಮೊದಲು ನೋಡಬೇಕಾದ್ದು, ಪುಸ್ತಕ ಯಾವ ಪ್ರದೇಶದ್ದು ಅಂತ. ನೀವು ಓಡಾಡುವ ಕಾಡಿಗೆ ಹೊಂದದ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಬೇಡ. ತಂಪು ದೇಶದ ಪುಸ್ತಕ ಹಿಡಿದು ಬಿಸಿಲು ನಾಡಿನಲ್ಲಿ ಹುಡುಕಿದರೆ ಏನೋ ಒಂದು ಚಿತ್ರ ಹೋಲುತ್ತದೆ, ಹೆಸರೂ ಸಿಗುತ್ತದೆ, ಆದರೆ ಆ ಅಣಬೆ ಅಲ್ಲಿ ಬೆಳೆಯುವುದೇ ಇಲ್ಲ.

ಇನ್ನು ನನ್ನ ಮುಖ್ಯ ಪರೀಕ್ಷೆ. ಪುಸ್ತಕದಲ್ಲಿ ಅಮನೀಟಾ ಅನ್ನುವ ಗುಂಪಿನ ಪುಟ ತೆಗೆಯಿರಿ, ಪ್ರಾಣ ತೆಗೆಯುವ ಅಣಬೆಗಳಿರುವ ಗುಂಪು ಅದು. ಡೆತ್ ಕ್ಯಾಪ್ ಅನ್ನುವ ಅಮನೀಟಾ ಫಾಲಾಯ್ಡಿಸ್ ಇದ್ದರೆ ಅದನ್ನೇ ಓದಿ. ಇಲ್ಲದಿದ್ದರೆ ಆ ಪ್ರದೇಶದಲ್ಲಿ ಬೆಳೆಯುವ ಪ್ರಾಣ ತೆಗೆಯುವ ಬೇರೆ ಅಮನೀಟಾ ಓದಿ. ಬೇರೆ ಯಾವ ಪುಟವೂ ಪುಸ್ತಕದ ಯೋಗ್ಯತೆಯನ್ನು ಇಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಆ ಪುಟದಲ್ಲಿ ಬುಡದ ಚೀಲದ ಬಗ್ಗೆ ಇರಲೇಬೇಕು. ದಂಟಿನ ಬುಡದಲ್ಲಿ, ಎಷ್ಟೋ ಸಲ ಮಣ್ಣಿನ ಒಳಗೆ, ಒಡೆದ ಮೊಟ್ಟೆಯ ಸಿಪ್ಪೆಯಂಥ ಒಂದು ಚೀಲ ಇರುತ್ತದೆ. ಮೇಲಿಂದ ಕಿತ್ತರೆ ಅದು ಮಣ್ಣಲ್ಲೇ ಉಳಿಯುತ್ತದೆ. ಶುರುವಿನಲ್ಲಿ ನಾನೂ ದಂಟನ್ನು ನೆಲದ ಮಟ್ಟಕ್ಕೆ ಕೊಯ್ದು ತರುತ್ತಿದ್ದೆ. ನನ್ನ ಆಗಿನ ಪುಸ್ತಕದಲ್ಲಿ ಅಣಬೆಗಳ ಬುಡ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು, ಅಗೆದು ನೋಡಿ ಅಂತ ಎಲ್ಲೂ ಬರೆದಿರಲಿಲ್ಲ. ಎಷ್ಟು ದೊಡ್ಡ ಗುರುತನ್ನು ಮಣ್ಣಲ್ಲೇ ಬಿಟ್ಟು ಬರುತ್ತಿದ್ದೆ ಅಂತ ತಿಳಿದದ್ದು ತುಂಬಾ ತಡವಾಗಿ.

ಮರಿ ಹಂತವೂ ಆ ಪುಟದಲ್ಲಿ ಇರಬೇಕು. ಅಮನೀಟಾ ಮರಿಯಾಗಿದ್ದಾಗ ಪೂರ್ತಿ ಮೊಟ್ಟೆಯ ಹಾಗೆ ಮುಚ್ಚಿಕೊಂಡಿರುತ್ತದೆ. ಚೆಂಡಿನಂಥ ಪಫ್‌ಬಾಲ್ ಅಣಬೆ ಅಂತ ಅನಿಸುತ್ತದೆ. ಮೇಲಿಂದ ಕೆಳಕ್ಕೆ ಉದ್ದಕ್ಕೆ ಸೀಳಿದರೆ ಅಮನೀಟಾದ ಒಳಗೆ ಪುಟ್ಟ ಕೊಡೆ, ದಂಟು, ಗಿಲ್ಸ್ ಅನ್ನುವ ಪದರುಗಳ ಗೆರೆ ಕಾಣುತ್ತದೆ. ಎಳೆಯ ಪಫ್‌ಬಾಲ್ ಒಳಗೆ ಒಂದೇ ಸಮ ಬಿಳಿ. ಹೀಗೆ ಸೀಳಿದ ಚಿತ್ರ ಕೊಟ್ಟಿರುವ ಪುಸ್ತಕ ಅಂದರೆ ಬರೆದವರು ಕಾಡಿನಲ್ಲಿ ಓಡಾಡಿದವರು ಅಂತ ನನಗೆ ನಂಬಿಕೆ ಬರುತ್ತದೆ.

ಆಮೇಲೆ, ಯಾವುದರ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ ಅನ್ನುವುದು. ಭತ್ತದ ಹುಲ್ಲಿನ ಅಣಬೆ ತಿಂದು ಅಭ್ಯಾಸವಿದ್ದ ಏಷ್ಯಾದ ಜನ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋದಾಗ ಡೆತ್ ಕ್ಯಾಪ್ ಅನ್ನು ಅದೇ ಅಂದುಕೊಂಡು ತಿಂದು ಸತ್ತಿದ್ದಾರೆ. ಅವರೇನೂ ಅಜಾಗರೂಕರಲ್ಲ. ಎರಡಕ್ಕೂ ಬುಡದಲ್ಲಿ ಚೀಲ ಇದೆ. ಭತ್ತದ ಹುಲ್ಲಿನ ಅಣಬೆಗೆ ದಂಟಿನ ಮೇಲೆ ಉಂಗುರ ಇರುವುದಿಲ್ಲ, ಅದರ ಬೀಜಕದ ಪುಡಿ, ಅಂದರೆ ಪದರುಗಳಿಂದ ಉದುರುವ ಬೀಜದಂಥ ಸಣ್ಣ ಕಣಗಳು, ನಸುಗೆಂಪು. ಡೆತ್ ಕ್ಯಾಪ್‌ಗೆ ಉಂಗುರ ಇರುತ್ತದೆ, ಪುಡಿ ಬಿಳಿ. ಆದರೆ ಉಂಗುರ ಕೆಲವೊಮ್ಮೆ ಉದುರಿಹೋಗಿರುತ್ತದೆ. ಅದೊಂದನ್ನೇ ನಂಬುವ ಹಾಗಿಲ್ಲ. ಪುಸ್ತಕ ಇಷ್ಟನ್ನೂ ಹೇಳಬೇಕು, ಸುಮ್ನೆ ತಲೆಬುರುಡೆಯ ಗುರುತು ಹಾಕಿ ಬಿಟ್ಟರೆ ಸಾಲದು.

ಕೊನೆಗೆ ವಿಷ ಹೇಗೆ ಕೆಲಸ ಮಾಡುತ್ತದೆ ಅಂತ ಇದೆಯಾ ನೋಡಿ. ತಿಂದ 6ರಿಂದ 24 ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದು ಇಳಿದು, ಹುಷಾರಾದೆ ಅನಿಸುವ ಹೊತ್ತಿಗೆ ಒಳಗೆ ಲಿವರ್ ಹಾಳಾಗುತ್ತಾ ಇರುತ್ತದೆ. ಬೇಯಿಸಿದರೂ ಒಣಗಿಸಿದರೂ ಈ ವಿಷ ಹೋಗುವುದಿಲ್ಲ. ವಿಷದ ಅಣಬೆ ತಾಗಿದರೆ ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ಮನುಷ್ಯರಿಗೂ ಆಗುತ್ತದೆ ಎನ್ನುವ ಮಾತುಗಳನ್ನು ಪರೀಕ್ಷೆ ಅಂತ ಬರೆದಿರುವ ಪುಸ್ತಕವನ್ನು ಅಲ್ಲೇ ವಾಪಸ್ ಇಡಿ.

ಈಗ ಫೋಟೋ ಮತ್ತು ಕೈಚಿತ್ರದ ಮಾತು. ನನ್ನ ಒಲವು ಕೈಚಿತ್ರದ ಕಡೆಗೆ. ಫೋಟೋದಲ್ಲಿ ಇರುವುದು ಒಂದು ಅಣಬೆ, ಒಂದು ದಿನ, ಒಂದು ಬೆಳಕು. ಚಿತ್ರ ಬರೆಯುವವರು ಮರಿ, ಬಲಿತದ್ದು, ಸೀಳಿದ್ದು, ಅಡಿಭಾಗ ಎಲ್ಲವನ್ನೂ ಒಂದೇ ಪುಟದಲ್ಲಿ ಇಡಬಹುದು. ಕೆಂಪು ಕೊಡೆಯ ಮೇಲೆ ಬಿಳಿ ಚುಕ್ಕೆ ಇರುವ ಅಮನೀಟಾ ಮಸ್ಕೇರಿಯಾ ಎಲ್ಲರಿಗೂ ಗೊತ್ತು, ಅಲ್ವಾ? ಜೋರು ಮಳೆ ಬಂದರೆ ಆ ಚುಕ್ಕೆಗಳು ತೊಳೆದು ಹೋಗುತ್ತವೆ, ಬಣ್ಣವೂ ಮಾಸುತ್ತದೆ. ಫೋಟೋ ಮಾತ್ರ ನೋಡಿ ಕಲಿತವರಿಗೆ ಆಗ ಅದರ ಗುರುತೇ ಹತ್ತುವುದಿಲ್ಲ. ಹಾಗಂತ ಫೋಟೋ ಪುಸ್ತಕ ಬೇಡವೇ ಬೇಡ ಅನ್ನುವುದಿಲ್ಲ. ಒಂದು ಅಣಬೆಗೆ ಮೂರು ನಾಲ್ಕು ಫೋಟೋ ಇದ್ದು, ಅಡಿಭಾಗವೂ ಬುಡವೂ ಸ್ಪಷ್ಟವಾಗಿ ಕಾಣುವಂತಿದ್ದರೆ ಧಾರಾಳವಾಗಿ ತಗೊಳ್ಳಿ.

ಪುಸ್ತಕವನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ ಅನ್ನುವುದೂ ಮುಖ್ಯ. ಕೊಡೆಯ ಬಣ್ಣದ ಪ್ರಕಾರ ಜೋಡಿಸಿದ್ದು ಸುಲಭ ಅನಿಸುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಮೊದಲು ಅಡಿಯಲ್ಲಿ ಪದರು ಇದೆಯಾ, ಸಣ್ಣ ತೂತುಗಳಿವೆಯಾ, ಮುಳ್ಳಿನಂಥವು ಇವೆಯಾ ಅಂತ ಕೇಳಿ, ಆಮೇಲೆ ಪದರು ದಂಟಿಗೆ ಅಂಟಿದೆಯಾ ಬಿಡಿಯಾಗಿದೆಯಾ, ಬೀಜಕದ ಬಣ್ಣ ಏನು ಅಂತ ಮುಂದೆ ಕರೆದೊಯ್ಯುವ ಪುಸ್ತಕ ಒಳ್ಳೆಯದು. ಬೀಜಕದ ಬಣ್ಣವನ್ನು ಪ್ರತಿ ಅಣಬೆಗೂ ಕೊಟ್ಟಿರಲೇಬೇಕು. ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅನ್ನುವ ಅಣಬೆ ಬೆಚ್ಚಗಿನ ಪ್ರದೇಶಗಳ ಹುಲ್ಲುಹಾಸಿನಲ್ಲಿ ಬರುತ್ತದೆ. ನೋಡಲು ತಿನ್ನುವ ಪ್ಯಾರಸಾಲ್ ಅಣಬೆಯ ಹಾಗೇ. ಎಳೆಯದರಲ್ಲಿ ಪದರೂ ಬಿಳಿ. ಆದರೆ ಅದರ ಪುಡಿ ಹಸಿರು. ತಿಂದರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಕೆಟ್ಟು ಸುಸ್ತಾಗಿ ಬಿಡುತ್ತಾರೆ.

ಪುಡಿಯ ಅಚ್ಚು ತೆಗೆಯುವುದು ಕಷ್ಟ ಏನಿಲ್ಲ. ದಂಟು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರು ಕೆಳಗಾಗಿ ಇಡಿ. ಮೇಲೆ ಬಟ್ಟಲು ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ಅಚ್ಚು ಬಿದ್ದಿರುತ್ತದೆ. ಆ ಕಾಗದಗಳಿಗೆ ತಾರೀಖು ಹಾಕಿ ಇಟ್ಟುಕೊಂಡರೆ ಮುಂದೆ ತುಂಬಾ ಉಪಯೋಗ.

ಅಚ್ಚಾದ ವರ್ಷವನ್ನು ತಪ್ಪದೆ ನೋಡಿ. ಹಳೆಯ ಪುಸ್ತಕ ಅಂದರೆ ನನಗೆ ಪ್ರೀತಿ, ಚಿತ್ರಗಳಿಗಾಗಿ ಇಟ್ಟುಕೊಂಡಿದ್ದೇನೆ. ಆದರೆ ತಿನ್ನಬಹುದು ಅನ್ನುವ ಅದರ ಮಾತನ್ನು ನಂಬುವುದಿಲ್ಲ. ಪ್ಯಾಕ್ಸಿಲಸ್ ಇನ್‌ವಾಲ್ಯೂಟಸ್ ಅನ್ನುವ ಅಣಬೆಯನ್ನು ಯುರೋಪಿನಲ್ಲಿ ಬಹಳ ಕಾಲ ತಿನ್ನುತ್ತಿದ್ದರು. 1944ರಲ್ಲಿ ಜರ್ಮನಿಯ ಅಣಬೆ ತಜ್ಞ ಯೂಲಿಯುಸ್ ಶೆಫರ್ ಅವರೇ ಅದನ್ನು ತಿಂದು ತೀರಿಕೊಂಡರು. ಟ್ರೈಕೊಲೋಮಾ ಇಕ್ವೆಸ್ಟ್ರೆ ಕೂಡ ಒಳ್ಳೆಯ ಅಣಬೆ ಅಂತಲೇ ಹೆಸರಾಗಿತ್ತು. ಅದನ್ನು ಮತ್ತೆ ಮತ್ತೆ ತಿಂದವರ ಸ್ನಾಯು ಕರಗಿ, ಕೆಲವರು ಸತ್ತಿದ್ದನ್ನು ಫ್ರಾನ್ಸಿನ ವೈದ್ಯರು 2001ರಲ್ಲಿ ಪ್ರಕಟಿಸಿದರು. ಹೆಸರುಗಳೂ ಬದಲಾಗಿವೆ. ಕೊಪ್ರಿನಸ್ ಅನ್ನುವ ಒಂದೇ ಗುಂಪು 2001ರಲ್ಲಿ ನಾಲ್ಕಾಯಿತು. ಹಾಗಾಗಿ ಹೊಸ ಹೆಸರಿನ ಪಕ್ಕ ಹಳೆಯ ಹೆಸರನ್ನೂ ಕೊಟ್ಟಿರುವ ಪುಸ್ತಕ ಸಿಕ್ಕರೆ ಅನುಕೂಲ.

ಹೊಸದು ಅಂದ ಮಾತ್ರಕ್ಕೆ ಸರಿ ಅಂತಲೂ ಅಲ್ಲ. 2023ರಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಎಐ ಬರೆದಂತಿರುವ ಅಣಬೆ ಪುಸ್ತಕಗಳು ಕಾಣಿಸಿಕೊಂಡು, ಅಣಬೆ ಸಂಘದವರು ಎಚ್ಚರಿಕೆ ಕೊಡಬೇಕಾಯಿತು. ಬರೆದವರು ಯಾರು, ಅವರು ಬೇರೆ ಏನು ಕೆಲಸ ಮಾಡಿದ್ದಾರೆ, ಫೋಟೋ ತೆಗೆದವರು ಯಾರು ಅಂತ ನೋಡಿ. ಇದ್ಯಾವುದೂ ಸಿಗದಿದ್ದರೆ ಬೇಡ.

ಇನ್ನೊಂದು. ಹೆಸರಿಟ್ಟ ಶಿಲೀಂಧ್ರಗಳೇ ಸುಮಾರು 1,50,000. ಜೇಬಿನ ಪುಸ್ತಕದಲ್ಲಿ ಹಿಡಿಸುವುದು ಕೆಲವು ನೂರು. ನಿಮ್ಮ ಕೈಯಲ್ಲಿರುವ ಅಣಬೆ ಪುಸ್ತಕದಲ್ಲಿ ಇಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ಹೊಸಬರು ಎಡವುವುದು ಇಲ್ಲೇ. ಇದ್ದುದರಲ್ಲಿ ಹತ್ತಿರದ್ದಕ್ಕೆ ಹೊಂದಿಸಿಬಿಡುತ್ತಾರೆ. ಪುಸ್ತಕದಲ್ಲಿ ಹೇಳಿದ ಒಂದು ಗುರುತು ಹೊಂದದಿದ್ದರೂ ಅದು ಬೇರೆ ಅಣಬೆ ಅಂತಲೇ ಇಟ್ಟುಕೊಳ್ಳಿ, ಹೆಸರಿಲ್ಲದೆ ಮನೆಗೆ ಬನ್ನಿ. ಜೇಬಿನ ಪುಸ್ತಕ ಇರುವುದು ಇದು ಯಾವ ಗುಂಪು ಅಂತ ತಿಳಿಯಲು, ಮನೆಗೆ ಹೋಗಿ ಏನು ಪರೀಕ್ಷೆ ಮಾಡಬೇಕು ಅಂತ ನೆನಪಿಸಲು. ಮನೆಯಲ್ಲಿ ಅದೇ ಪ್ರದೇಶದ ಒಂದು ದೊಡ್ಡ ಪುಸ್ತಕ ಇದ್ದರೆ ಎರಡೂ ಸೇರಿ ಕೆಲಸ ಸಲೀಸು. ತಿನ್ನುವ ವಿಚಾರಕ್ಕೆ ಈ ಪುಸ್ತಕ, ಮೊಬೈಲ್ ಆ್ಯಪ್, ನಾವು ಇಲ್ಲಿ ಫೋಟೋ ನೋಡಿ ಹೇಳುವ ಮಾತು ಯಾವುದೂ ಸಾಲದು. ಆ ಅಣಬೆಯನ್ನು ಬಲ್ಲವರು ಕೈಯಲ್ಲಿ ಹಿಡಿದು ನೋಡಬೇಕು. ಯಾರಾದರೂ ತಿಂದುಬಿಟ್ಟು ಅನುಮಾನ ಬಂದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ. ಉಳಿದ ಅಣಬೆ ಸಮೇತ ಆಸ್ಪತ್ರೆಗೆ ಓಡಿ.

ಗಾತ್ರ, ಕಾಗದದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒದ್ದೆ ಕೈ ತಡೆಯಬೇಕು, ಹೊಲಿಗೆ ಗಟ್ಟಿ ಇರಬೇಕು, ರಟ್ಟಿನ ಅಂಚಿನಲ್ಲಿ ಸೆಂಟಿಮೀಟರ್ ಅಳತೆ ಇದ್ದರೆ ಒಳ್ಳೆಯದು. ಜೊತೆಗೆ ಬುಡ ಅಗೆಯಲು ಒಂದು ಚಾಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಕಾಗದದ ಚೀಲಗಳು. ಪ್ಲಾಸ್ಟಿಕ್‌ನಲ್ಲಿ ಅಣಬೆ ಬೆವತು ಕೊಳೆಯುತ್ತದೆ. ಒಂದೊಂದು ಬಗೆಗೆ ಒಂದೊಂದು ಚೀಲ, ಯಾವ ಮರದ ಕೆಳಗೆ ಸಿಕ್ಕಿತು ಅಂತ ಚೀಲದ ಮೇಲೇ ಬರೆದುಬಿಡಿ.

ನಿಮ್ಮ ಎರಡೂ ಪುಸ್ತಕಗಳ ಅಮನೀಟಾ ಪುಟ ಓದಿ ಏನೇನಿದೆ ಅಂತ ಬರೆಯಿರಿ. ಎರಡರಲ್ಲೂ ಬುಡದ ಚೀಲದ ಮಾತೇ ಇಲ್ಲದಿದ್ದರೆ ಎರಡನ್ನೂ ಬಿಟ್ಟು, ನಿಮ್ಮ ಪ್ರದೇಶದ ಮೂರನೆಯದನ್ನು ಹುಡುಕೋಣ.