ವರದಿ ಸಹಜ, ನೋವು ಯಾರದು?

ಸೊಂಟನೋವಿಗೆ ಮಾಡಿಸಿದ ಬೋನ್ ಸ್ಕ್ಯಾನ್ (ಮೂಳೆಗಳ ಸ್ಕ್ಯಾನ್ ಪರೀಕ್ಷೆ) ಸಹಜವೆಂದು ಬಂದ ಕಾರಣಕ್ಕೇ ಮನೆಯವರ ನಂಬಿಕೆ ಕಳೆದುಕೊಂಡ ಯುವಕರು ಬೆಳಗಾವಿಯ ನನ್ನ ಆಪ್ತಸಲಹೆಗೆ ಮೇಲಿಂದ ಮೇಲೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆತ ಬಾಗಲಕೋಟೆ ಕಡೆಯ ನೇಕಾರ ಕುಟುಂಬದವನು; ವಯಸ್ಸು ಮೂವತ್ತರೊಳಗೆ. ತಿಂಗಳುಗಟ್ಟಲೆಯಿಂದ ಬೆಳಿಗ್ಗೆ ಸೊಂಟ ಬಿಗಿದುಕೊಂಡು ತಾಸುಹೊತ್ತು ಬಗ್ಗಲಾಗುತ್ತಿರಲಿಲ್ಲ, ಓಡಾಡಿದ ಮೇಲೆ ಸಡಿಲಾಗುತ್ತಿತ್ತು. ತಂದೆ ಅದನ್ನು ಮೈಗಳ್ಳತನವೆಂದು ನಂಬಿ ನನ್ನಲ್ಲಿಗೆ ಕರೆತಂದಿದ್ದರು.

ತಂದೆಯ ಎದುರಿಗೇ ಆತ ವರದಿಯನ್ನು ಮೇಜಿನ ಮೇಲಿಟ್ಟು ಕೇಳಿದ: “ಇದರಾಗ ಏನೂ ಇಲ್ಲಂತ ಬರದಾರ್ರಿ. ಹಂಗಾರ ನನ್ನ ಮೈಯಾಗಿನ ನೋವು ಯಾರದ್ರಿ?” ಈ ಪ್ರಶ್ನೆಗೆ ಸಾಂತ್ವನ ಉತ್ತರವಾಗದೆಂದು ನನಗನಿಸಿತು. ಹಾಗಾಗಿ ಆ ಪರೀಕ್ಷೆ ಏನನ್ನು ನೋಡುತ್ತದೆ ಎಂಬುದನ್ನೇ ತಂದೆಗೆ ವಿವರಿಸಿದೆ. ರಕ್ತನಾಳಕ್ಕೆ ಕೊಟ್ಟ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಬೆರೆತ ಔಷಧ, ಮೂಳೆಯ ಮರುರಚನೆ ಚುರುಕಾಗಿರುವಲ್ಲಿ ಹೆಚ್ಚು ಸೇರುತ್ತದೆ. ಆದರೆ ಬೆನ್ನುಮೂಳೆಯ ಬುಡ ಮತ್ತು ಸೊಂಟದ ಮೂಳೆ ಕೂಡುವ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಿ ಆರೋಗ್ಯವಂತರಿಗೂ ಅದು ಹೆಚ್ಚೇ ಸೇರುವುದರಿಂದ, ಎರಡೂ ಬದಿ ಸಮನಾಗಿ ಉರಿಯೂತವಿದ್ದರೆ ವ್ಯತ್ಯಾಸ ಗುರುತಿಸುವುದು ಕಷ್ಟ. ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2008ರ ವಿಮರ್ಶೆಯೊಂದರಲ್ಲಿ, ಬೆನ್ನುಮೂಳೆಗೂ ಈ ಕೀಲುಗಳಿಗೂ ಉರಿಯೂತ ತರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಷ್ಟೇ ಈ ಸ್ಕ್ಯಾನ್ ದೋಷ ತೋರಿಸಿತ್ತು.

“ಮತ್ತ ರೊಕ್ಕ ಯಾಕ ಸುರಿಸಿದ್ರಿ?” ಎಂದರು ತಂದೆ. ಮೂಳೆಗೆ ಹರಡಿದ ಕ್ಯಾನ್ಸರ್, ಕೂದಲೆಳೆಯ ಬಿರುಕುಗಳನ್ನು ಹುಡುಕಲು ಅದು ನಿಜಕ್ಕೂ ಉಪಯುಕ್ತವೆಂದು, ಹಣ ವ್ಯರ್ಥವಾಗಿಲ್ಲವೆಂದು ಹೇಳಿದೆ.

ಪರೀಕ್ಷೆಗಳ ಮಾತು ಆಪ್ತಸಲಹೆಗಾರರಿಗೆ ಸಲ್ಲದು ಎನ್ನುವವರಿದ್ದಾರೆ. ನಾನು ರೋಗ ನಿರ್ಣಯಿಸಲಿಲ್ಲ, ಔಷಧ ಹೇಳಲಿಲ್ಲ. ಆದರೆ ತಪ್ಪಾಗಿ ಓದಿದ ವರದಿಯೇ ಮನಸ್ಸನ್ನು ಒಡೆದಿರುವಾಗ, ವರದಿಯನ್ನು ಮುಟ್ಟದೆ ಮನಸ್ಸಿಗೆ ಮಾತ್ರ ಸಮಾಧಾನ ಹೇಳುವುದು ಆ ಹುಡುಗನನ್ನು ಸುಳ್ಳುಗಾರನೆಂದು ಒಪ್ಪಿದಂತೆಯೇ ಎಂಬುದು ನನ್ನ ದೃಢ ನಂಬಿಕೆ.

ಸ್ಕ್ಯಾನ್ ಮತ್ತೆ ಮಾಡಿಸಲು ಓಡದೆ ಕೀಲುವಾತ ತಜ್ಞರನ್ನು ಕಾಣಬೇಕು, ಸ್ಯಾಕ್ರೋಇಲಿಯಾಕ್ ಕೀಲುಗಳ ಎಂ.ಆರ್.ಐ. ಬೇಕೇ ಎಂದು ಕೇಳಬೇಕು ಎಂದು ಸಲಹೆ ಕೊಟ್ಟೆ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಹಿಡಿಯಬಹುದು. ಮೂಳೆಯೊಳಗಿನ ಉರಿಯೂತದ ಬಾವು ಎಂ.ಆರ್.ಐ.ಯಲ್ಲಿ ಅದಕ್ಕೂ ಮೊದಲೇ ಕಾಣಿಸಬಲ್ಲದು. ಈ ಕಾಯಿಲೆಯೊಂದಿಗೆ ನಂಟಿರುವ ಆನುವಂಶಿಕ ಗುರುತನ್ನು ಹುಡುಕುವ ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರೋಗವಿದೆಯೆಂದಲ್ಲ, ನೆಗೆಟಿವ್ ಬಂದರೆ ಇಲ್ಲವೆಂದೂ ಅಲ್ಲ. ತಂದೆಗೆ ಬೇರೆಯಾಗಿ ಒಂದು ಕೆಲಸ ಒಪ್ಪಿಸಿದೆ: ಮಗನ ಜೊತೆ ತಾವೂ ಹೋಗಿ, ಬೆಳಿಗ್ಗೆ ಅವನು ಹಾಸಿಗೆಯಿಂದ ಏಳುವುದನ್ನು ಕಂಡಂತೆಯೇ, ಮೈಗಳ್ಳ ಎಂಬ ಮಾತು ಬೆರೆಸದೆ, ವೈದ್ಯರಿಗೆ ವಿವರಿಸಬೇಕು.