ಹಳ್ಳದ ನೀರಿನ ಕಿರು ಕರೆಂಟಿನಿಂದ ಮಲೆನಾಡಿನ ಬಡವರಿಗೆ ಅನುಕೂಲ ಆಗುತ್ತಾ?

ಆಗುತ್ತೆ, ಆದರೆ ಮೊದಲು ಜಮೀನಿದ್ದವರಿಗೆ. ಕೂಲಿಯವರ ಮನೆಗೆ ಅದು ತಲುಪುವುದು ಕಷ್ಟ.

ಕಾರಣ ಗುಡ್ಡದ ಇಳಿಜಾರಿನಲ್ಲೇ ಇದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು ಟರ್ಬೈನಿಗೆ (ನೀರಿನ ರಭಸಕ್ಕೆ ತಿರುಗುವ ಚಕ್ರ) ಬಡಿದರೆ, ನಷ್ಟ ಕಳೆದು ಸುಮಾರು 1 ಕಿಲೋವ್ಯಾಟ್ ಸಿಗುತ್ತೆ. ಒಂದು ಒಂಟಿಮನೆಯ ದೀಪ, ಟಿವಿ, ಮಿಕ್ಸಿಗೆ ಸಾಕು. ಆದರೆ ಹಳ್ಳದ ನೀರೂ ಬೇಕು, ಪೈಪು ಹಾಯಿಸಲು ಜಾಗವೂ ಬೇಕಲ್ಲ? ಹೊಸನಗರ, ತೀರ್ಥಹಳ್ಳಿ ಕಡೆ ಅವೆರಡೂ ಸಿಗುವುದು ಹೆಚ್ಚಾಗಿ ಅಡಿಕೆ ತೋಟದವರಿಗೆ. ಬೇಸಿಗೆಯಲ್ಲಿ ಹಳ್ಳ ಸೊರಗಿದರೆ ಅವರಿಗೂ ಇಲ್ಲ ಬಿಡಿ.

ಜಮೀನಿಲ್ಲದವರಿಗೆ ಸೋಲಾರ್ ದೀಪವೇ ವಾಸಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಸೂರಿನ ಮೇಲೆ ಬಿಸಿಲು ಬಿದ್ದರೆ ಸಾಕು. ತೊಡಕಿರುವುದು ದುಡ್ಡಿನಲ್ಲಿ: ಸೀಮೆಎಣ್ಣೆಗೆ ಆಗಾಗ ಚಿಲ್ಲರೆ ಕೊಡಬಲ್ಲವರು ಒಂದೇ ಸಲ ಸಾವಿರಗಟ್ಟಲೆ ಹೊಂದಿಸಲಾರರು. 1995ರಲ್ಲಿ ಶುರುವಾದ ಸೆಲ್ಕೋ ಅನ್ನೋ ಸೋಲಾರ್ ಕಂಪನಿ, ಗಿರಾಕಿಗಳಿಗೆ ಬ್ಯಾಂಕ್ ಸಾಲ ಕೊಡಿಸಿ, ಕಂತನ್ನು ಗಳಿಕೆಗೆ ತಕ್ಕಂತೆ ಹೊಂದಿಸುವ ದಾರಿ ಹಿಡಿದದ್ದು ಇದಕ್ಕೇ.

ಬೆಳಕು ದುಡ್ಡಾಗುವುದು ಹೇಗೆ ಅಂದರೆ, ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರನ್ನು ನೋಡಿ. ಸುಲಿದಷ್ಟಕ್ಕೇ ಕೂಲಿ. ಚಿಮಣಿ ಬುಡ್ಡಿಯ ಬೆಳಕಲ್ಲಿ ಬೆರಳು ಕೊಯ್ದುಕೊಳ್ಳುವ ಭಯ. ಎಲ್‌ಇಡಿ ಇದ್ದರೆ ರಾತ್ರಿ ಇನ್ನೆರಡು ತಾಸು ಸುಲಿಯಬಹುದು, ಪಕ್ಕದಲ್ಲೇ ಮಕ್ಕಳು ಓದಿಕೊಳ್ಳಬಹುದು. ನಿದ್ದೆಯೂ ಎರಡು ತಾಸು ಕಮ್ಮಿ ಆಯ್ತು, ಅದು ಬೇರೆ ಮಾತು.