ಮಂಗಳೂರಿನ 34 ಡಿಗ್ರಿ ಸೆಕೆ ರಾಯಚೂರಿನ 40 ಡಿಗ್ರಿಗಿಂತ ಹೆಚ್ಚು ಕಾಡುವುದೇಕೆ?

ಬೆವರು ಸುರಿದರೆ ಸಾಲದು, ಆರಬೇಕು. ಇಷ್ಟೇ ಕಾರಣ.

ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಒಳಮೈಯ ತಾಪವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ತಾಪ ಸ್ವಲ್ಪ ಏರಿದರೂ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಶುರುವಾಗುತ್ತದೆ. ಗಾಳಿ ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾದರೆ ಬೆವರೊಂದೇ ದಾರಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ರಾಯಚೂರಿನ ಒಣಗಾಳಿಯಲ್ಲಿ ಅದು ಬೇಗ ಆರಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಮಂಗಳೂರಿನ ತೇವದಲ್ಲಿ ಅಂಗಿ ಬೆನ್ನಿಗಂಟುತ್ತದೆ, ಬೆವರು ಗದ್ದದಿಂದ ತೊಟ್ಟಿಕ್ಕುತ್ತದೆ. ಹಾಗೆ ತೊಟ್ಟಿಕ್ಕಿದ್ದು ನೀರು, ಉಪ್ಪು ಎರಡನ್ನೂ ಕಳೆಯುತ್ತದೆ, ತಂಪು ಮಾತ್ರ ಕೊಡುವುದಿಲ್ಲ.

ಹಾಗೆಂದು ರಾಯಚೂರಿನ ಬಿಸಿಲು ಸುರಕ್ಷಿತವೇನಲ್ಲ. ಅಲ್ಲಿ ಬೆವರಿದ್ದೇ ಗೊತ್ತಾಗದೆ ಜನ ನೀರು ಕಡಿಮೆ ಕುಡಿಯುತ್ತಾರೆ.

ಸೆಕೆಯಲ್ಲಿ ದುಡಿಯುತ್ತಿದ್ದವರು ತೊದಲಿದರೆ, ಗೊಂದಲಕ್ಕೊಳಗಾದರೆ ಒಳತಾಪ 40 ದಾಟಿರಬಹುದು. ನೆರಳಿಗೆ ಒಯ್ದು ಮೈಗೆಲ್ಲ ತಣ್ಣೀರು ಸುರಿಯಿರಿ, ಫ್ಯಾನ್ ಹಾಕಿ, 108ಕ್ಕೆ ಕರೆಮಾಡಿ. ಪ್ಯಾರಸಿಟಮಾಲ್ ದಯವಿಟ್ಟು ಬೇಡ. ಜ್ವರದಲ್ಲಿ ಹೈಪೋಥಲಾಮಸ್ ತಾನೇ ಒಳತಾಪದ ಗುರಿಯನ್ನು ಮೇಲಕ್ಕೇರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಗುರಿ 37ರಲ್ಲೇ ಇದೆ; ಶಾಖಕ್ಕೆ ಹೊರಹೋಗಲು ದಾರಿಯಿಲ್ಲ, ಅಷ್ಟೇ.